ಸುಟ್ಟುಹೋಗುವ ಕಾಡತೂಸು

ನವೆಂಬರ್ ಬಂತೆಂದರೆ ಪುಣೆಯ ನಮ್ಮ ಶಾಖೆಯಲ್ಲಿ ಪಿಂಚಣಿದಾರರ ಸಾಲು. ಖಡ್ಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದ, ಬೆಳಗಾವಿ ಕಡೆಯ ಹಿರಿಯರೊಬ್ಬರು ಒಮ್ಮೆ ಹೇಳಿದರು: "ಈಗಿನ ಟ್ಯಾಂಕಿನ ಕಾಡತೂಸು ಹಿತ್ತಾಳೀದಲ್ಲರೀ ಸಾಹೇಬ್ರ, ಗುಂಡಿನ ಜೋಡಿ ಸುಟ್ಟ ಹೋಗತೈತಿ!" ಬಿ.ಕಾಂ. ಓದಿದ ನನಗೆ ಇದು ಹೊಸದು. ಹುಡುಕಿ ಓದಿದೆ.

ಕಾಡತೂಸಿನ ಹೊದಿಕೆ ಮೊದಲು ಕಾಗದದ್ದೇ. 1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಬೇಕಿದ್ದ ಎನ್‌ಫೀಲ್ಡ್ ಕಾಡತೂಸಿಗೆ ದನ, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ ದಂಗೆಗೆ ಕಿಡಿಯಾದದ್ದು ಎಲ್ಲರಿಗೂ ಗೊತ್ತು. ಮುಂದೆ ಹಿತ್ತಾಳೆ ಬಂತು: ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಖಡ್ಕಿಯ ಕಾರ್ಖಾನೆ ಶುರುವಾದದ್ದೂ ಆ ಕಾಲದಲ್ಲೇ, 1869ರಲ್ಲಿ.

ಆದರೆ ಟ್ಯಾಂಕಿನೊಳಗೆ ಹಿತ್ತಾಳೆ ಕವಚ ಭಾರ, ದುಬಾರಿ. ಹಾರಿಸಿದ ಮೇಲೆ ಬಿಸಿ ಕವಚ ಇಕ್ಕಟ್ಟಾದ ಜಾಗದಲ್ಲೇ ಹೊಗೆಯಾಡುತ್ತಾ ಬೀಳುತ್ತದೆ. ಹಾಗಾಗಿ 1979ರಲ್ಲಿ ಸೇವೆಗೆ ಬಂದ ಜರ್ಮನಿಯ ಲೆಪರ್ಡ್-2ರ 120 ಮಿ.ಮೀ. ತೋಪಿಗೆ ಉರಿಯುವ ಕವಚ ಬಂತು. ಉಳಿಯುವುದು ಉಕ್ಕಿನ ಗಿಡ್ಡ ತಳ ಮಾತ್ರ. ನಮ್ಮ ಅರ್ಜುನ್ ಟ್ಯಾಂಕಿಗೂ ಇಂಥದ್ದನ್ನು ರೂಪಿಸಿದ್ದು ಪುಣೆಯ ಡಿಆರ್‌ಡಿಓ ಪ್ರಯೋಗಾಲಯವೇ.

ಮಾಡುವ ಬಗೆ ಕಾಗದ ಮಾಡಿದಂತೆಯೇ. ನೈಟ್ರೋಸೆಲ್ಯುಲೋಸ್ ನಾರು, ಮರದ ತಿರುಳು ಎರಡನ್ನೂ ನೀರಲ್ಲಿ ಕಲಸಿ, ಜಾಲರಿಯ ಅಚ್ಚಿನ ಮೇಲೆ ಹೀರಿಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತಾರೆ. ಇವನ್ನು ಹಿಡಿದಿಡುವುದು ಪಾಲಿಮರ್ ರಾಳ. ಬಳಕೆಯಲ್ಲಿರುವ ರಾಳಗಳಲ್ಲಿ ಪಾಲಿವಿನೈಲ್ ಅಸಿಟೇಟ್ ಒಂದು, ನಮ್ಮ ಬಡಗಿಗಳ ಬಿಳಿ ಅಂಟಿನ ಜಾತಿಯದೇ! ರಾಳ ಕಡಿಮೆಯಾದರೆ ಕವಚ ಎತ್ತಿಡುವಾಗಲೇ ಮುರಿಯುತ್ತದೆ. ಹೆಚ್ಚಾದರೆ ಪೂರ್ತಿ ಉರಿಯದೆ ನಳಿಕೆಯಲ್ಲಿ ಕೆಂಡ ಉಳಿದೀತು, ಮುಂದಿನ ಮದ್ದು ತುಂಬುವವನ ಕೈಗೇ ಅಪಾಯ.

ಇನ್ನೊಂದು ಲೆಕ್ಕವೂ ಇದೆ. ಹಿತ್ತಾಳೆ ಕವಚ ಕಿಡಿಯನ್ನು ಮದ್ದಿನಿಂದ ದೂರ ಇಡುತ್ತಿತ್ತು, ಈ ಕವಚವೋ ತಾನೇ ಮದ್ದು. ಸೋವಿಯತ್ ಟಿ-72ರಲ್ಲಿ ಇಂಥ ಮದ್ದು ಸಿಬ್ಬಂದಿಯ ಕಾಲಡಿಯಲ್ಲೇ ಇರುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಏಟು ತಿಂದ ಇರಾಕಿನ ಟಿ-72ಗಳ ಗೋಪುರಗಳೇ ಹಾರಿಹೋದವು. ಅಮೆರಿಕದ ಎಂ1 ಟ್ಯಾಂಕಿನಲ್ಲಿ ಹೆಚ್ಚಿನ ಮದ್ದುಗುಂಡು ಗೋಪುರದ ಹಿಂದೆ, ಉಕ್ಕಿನ ಬಾಗಿಲಿನಾಚೆ. ಹೊತ್ತಿಕೊಂಡರೆ ಬೆಂಕಿ ಮೇಲಕ್ಕೆ ಹೋಗಲು ದಾರಿಯೂ ಇದೆ.

ತೂಕ ಉಳಿಯಿತು, ತಾಮ್ರ ಉಳಿಯಿತು, ಸರಿ. ನಮ್ಮ ಬ್ಯಾಂಕ್ ಭಾಷೆಯಲ್ಲಿ ಹೇಳುವುದಾದರೆ ಜಮಾ ಇದ್ದಲ್ಲಿ ಖರ್ಚೂ ಇರುತ್ತದೆ. ಆ ಖರ್ಚು ಒಳಗೆ ಕೂತ ಹುಡುಗರ ತಲೆಯ ಮೇಲೆ ಬೀಳದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ. ಈ ನವೆಂಬರ್‌ನಲ್ಲಿ ಆ ಹಿರಿಯರು ಬಂದರೆ ಇಷ್ಟನ್ನೂ ಹೇಳಬೇಕು ಅಂದುಕೊಂಡಿದ್ದೇನೆ.