ತಟ್ಟೆಯಲ್ಲಿ ಜೊತೆ, ಹೊಲದಲ್ಲಿ ದೂರ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರು ದಾಟಿ ಮಂಡ್ಯದ ಕಡೆ ಹೋಗುವವರಿಗೆ ಗೆಜ್ಜಲಗೆರೆ ಎಂದರೆ ಹಾಲಿನ ಡೇರಿ. ರಸ್ತೆ ಬಿಟ್ಟು ಒಳಗೆ ಹೋದರೆ ಕಬ್ಬು, ಭತ್ತ, ತೆಂಗು. ಸಂಕ್ರಾಂತಿ ದಿನ ಮಾತ್ರ ನಮ್ಮ ಕಡೆಯ ಮನೆಗಳಲ್ಲಿ ಬೇಯಿಸಿದ ಗೆಣಸು, ಅವರೆಕಾಯಿ, ಕಡಲೆಕಾಯಿ ಒಂದೇ ತಟ್ಟೆಗೆ ಬರುತ್ತವೆ. ಹೊಲದಲ್ಲಿ ಇವು ಅಕ್ಕಪಕ್ಕ ಕಾಣುವುದು ಅಪರೂಪ. ಯಾಕೆ ಹೀಗಾಯಿತು?

ಈ ಮೂರರಲ್ಲಿ ಅವರೆ ಹಳೆಯ ನೆಂಟ. ಗೆಣಸು, ಕಡಲೆಕಾಯಿ ಎರಡೂ ಅಮೆರಿಕ ಖಂಡದಿಂದ 1492ರ ನಂತರದ ಹಡಗು ವ್ಯಾಪಾರದ ದಾರಿಯಲ್ಲಿ ಬಂದವು. ಆದರೆ ‘ಗೆಣಸು’ ಎಂಬ ಮಾತು ಹೊರಗಿನದಲ್ಲ. ಕಾಡುಗೆಣಸು, ತೂಣಗೆಣಸು ಎಂದು ನಮ್ಮವರು ಗಡ್ಡೆಗಳನ್ನು ಕರೆಯುತ್ತಿದ್ದರು. ಹೊಸ ಗಡ್ಡೆಗೂ ಅದೇ ಹೆಸರಿಟ್ಟು ‘ಸಿಹಿ’ ಸೇರಿಸಿಕೊಂಡರು.

ಹೊಸದನ್ನು ಹೀಗೆ ಸೇರಿಸಿಕೊಳ್ಳುವ ಬೇಸಾಯ ಆಗ ಇತ್ತು. ಅದೇ ಅಕ್ಕಡಿ. ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಹಿಂದೆ ಸಡ್ಡೆ ಕಟ್ಟಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಸಾಲು ಬಿಡುತ್ತಿದ್ದರು. ಮಳೆ ಕೈಕೊಟ್ಟು ರಾಗಿ ಸೊರಗಿದರೂ ತಡವಾಗಿ ಕೊಯ್ಲಿಗೆ ಬರುವ ಅವರೆ, ತೊಗರಿ ಸಾರಿಗಾದರೂ ಆಗುತ್ತಿದ್ದವು.

1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ನೀರು ಈ ಸೀಮೆಗೆ ಹರಿಯಿತು. ಅದೇ ಇಂದಿನ ವಿಶ್ವೇಶ್ವರಯ್ಯ ನಾಲೆ. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ನೀರು ಬಂದ ಕಡೆ ರಾಗಿ ಹೊಲ ಗದ್ದೆಯಾಯಿತು, ಕಬ್ಬು ಎದ್ದಿತು. ರಾಗಿಯ ಜೊತೆ ಅಕ್ಕಡಿಯೂ ಮಳೆಯಾಶ್ರಿತ ಹೊಲಗಳಿಗೆ ಸರಿಯಿತು. ಇದನ್ನು ಬರೀ ನಷ್ಟ ಎನ್ನಲಾರೆವು. ನಮ್ಮನ್ನು ಓದಿಸಿದ್ದೂ ಕಬ್ಬಿನ ದುಡ್ಡೇ. ಆದರೆ ನಾಲೆಗೆ ನೀರು ಬಿಡದ ವರ್ಷ ಒಂದೇ ಬೆಳೆ ನಂಬಿದ ಮನೆ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ.

ಅಕ್ಕಡಿಯ ಲೆಕ್ಕ ಹಿತ್ತಲಿನ ಗೆಣಸಿಗೂ ಒಪ್ಪುತ್ತದೆ. ಎರಡಡಿಗೊಂದು ಬೋದು ಹಾಕಿ, ಆರೋಗ್ಯವಾದ ಬಳ್ಳಿಯ ತುಂಡು ನೆಟ್ಟರೆ ಅದು ನೆಲ ಮುಚ್ಚಿ ಕಳೆ ತಡೆಯುತ್ತದೆ, ತೇವ ಕಾಯುತ್ತದೆ. ಅವರೆ, ತೊಗರಿಯನ್ನು ಅಂಚಿನಲ್ಲಿ ಇಡಬೇಕು; ನಡುವೆ ಹಾಕಿದರೆ ನೆರಳಾಗಿ ಗಡ್ಡೆ ಸಣ್ಣದಾಗುತ್ತದೆ. ಇವುಗಳ ಬೇರು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಆದ್ದರಿಂದ ಗೆಣಸಿಗೆ ಯೂರಿಯಾ ಸುರಿಯುವುದು ಬೇಡ. ಅತಿಯಾದರೆ ಬಳ್ಳಿ ಹಬ್ಬುತ್ತದೆ, ಗಡ್ಡೆ ಕಟ್ಟುವುದಿಲ್ಲ.

ಗೆಣಸಿನ ದೊಡ್ಡ ಶತ್ರು ಮೂತಿಹುಳು. ಮಣ್ಣು ಬಿರುಕು ಬಿಟ್ಟರೆ ಅಲ್ಲಿಂದ ಇಳಿದು ಗಡ್ಡೆ ಕೊರೆಯುತ್ತದೆ, ಗಡ್ಡೆ ಕಹಿಯಾಗುತ್ತದೆ. ಅದಕ್ಕೇ ಬೋದಿಗೆ ಮಣ್ಣು ಏರಿಸಬೇಕು, ಮರುವರ್ಷ ಅದೇ ಜಾಗದಲ್ಲಿ ಗೆಣಸು ಹಾಕಬಾರದು. ಆ ಜಾಗಕ್ಕೆ ಕಡಲೆಕಾಯಿ ಬರಲಿ. ಗಡ್ಡೆ ಕಿತ್ತ ಮೇಲೆ ಬಳ್ಳಿ ಹಸುವಿಗೆ ಮೇವು. ಅದರ ಹಾಲು ಡೇರಿಗೆ.

ಪಟ್ಟಣದವರು ಇದನ್ನು ಈಗ ಹೊಸ ವಿದ್ಯೆ ಎಂಬಂತೆ ಕಲಿಯುತ್ತಿದ್ದಾರೆ. ನಮ್ಮೂರುಗಳಲ್ಲಿ ಸಡ್ಡೆ ಹಿಡಿದು ಅಕ್ಕಡಿ ಬಿತ್ತಿದ ಅಜ್ಜಿಯರು ಇನ್ನೂ ಇದ್ದಾರೆ. ಈ ಸಂಕ್ರಾಂತಿಗೆ ಗೆಣಸು ಸುಲಿಯುತ್ತಾ ಅವರ ಪಕ್ಕ ಕೂತು ಕೇಳಿ: ಯಾವುದರ ಪಕ್ಕ ಯಾವುದನ್ನು ಹಾಕುತ್ತಿದ್ದಿರಿ, ಯಾಕೆ? ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.