26 ಅಡಿಯ ಗೆರೆ: ಅತಿಥಿ ದೋಣಿಗಳಿಗೊಂದು ತಂಗುದಾಣ

ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನಲ್ಲಿ ಮಂಗಳೂರಿನ ಹಳೆಯ ಬಂದರಿಗೆ ಹೋಗಿ, ಉಬ್ಬರದ ವೇಳೆಯಲ್ಲಿ ನೀರಿನ ಮಟ್ಟವನ್ನು ಗುರುತು ಹಾಕಿಕೊಳ್ಳಿ. ಸುಮಾರು ಆರು ಗಂಟೆ ಕಳೆದು ಮತ್ತೆ ನೋಡಿ. ನೀರು ಹೆಚ್ಚುಕಡಿಮೆ ಒಂದೂವರೆ ಮೀಟರ್ ಇಳಿದಿರುತ್ತದೆ. ಇದೇ ವೀಕ್ಷಣೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ತುದಿಯಲ್ಲಿರುವ ಮೇನ್ ರಾಜ್ಯದ ಈಸ್ಟ್‌ಪೋರ್ಟ್‌ನಲ್ಲಿ ಮಾಡಿದರೆ ವ್ಯತ್ಯಾಸ ಸರಾಸರಿ ಐದೂವರೆ ಮೀಟರ್! ಅಂಥ ಕಡೆ ದೋಣಿಯೊಂದನ್ನು ಸ್ಥಿರವಾದ ಕಟ್ಟೆಗೆ ಗಿಡ್ಡ ಹಗ್ಗದಿಂದ ಬಿಗಿದು ರಾತ್ರಿ ಮಲಗಿದರೆ, ಬೆಳಗಾಗುವಷ್ಟರಲ್ಲಿ ಹಗ್ಗ ಹರಿದಿರುತ್ತದೆ, ಇಲ್ಲವೇ ದೋಣಿ ವಾಲಿರುತ್ತದೆ.

ಊರಿನ ದೋಣಿಗೆ ಅದರದೇ ಆದ ಜಾಗವಿರುತ್ತದೆ. ದೂರದಿಂದ ಬಂದು, ಒಂದೆರಡು ರಾತ್ರಿ ತಂಗಿ, ಮುಂದೆ ಸಾಗುವ ದೋಣಿಯ ಗತಿಯೇನು? ಚಳಿಗಾಲ ಸಮೀಪಿಸಿದಾಗ ವರ್ಜೀನಿಯಾದ ನಾರ್ಫೋಕ್‌ನಿಂದ ಫ್ಲಾರಿಡಾದವರೆಗಿನ ಒಳನಾಡು ಜಲಮಾರ್ಗದಲ್ಲಿ ದಕ್ಷಿಣಕ್ಕೆ ಹೊರಡುವ ವಿಹಾರ ದೋಣಿಗಳನ್ನು ಕಾಡುತ್ತಿದ್ದ ಪ್ರಶ್ನೆಯಿದು. 1998ರಲ್ಲಿ ಅಲ್ಲಿನ ಸರ್ಕಾರ ಇಂಥ ದೋಣಿಗಳ ತಂಗುದಾಣಗಳಿಗಾಗಿಯೇ ಒಂದು ಅನುದಾನ ಯೋಜನೆಯನ್ನು ಆರಂಭಿಸಿತು.

"ಸ್ವಂತ ದೋಣಿಯಲ್ಲಿ ವಿಹಾರಕ್ಕೆ ಹೋಗುವವರಿಗೆ ಸರ್ಕಾರದ ಹಣವೇಕೆ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಉತ್ತರಕ್ಕಾಗಿ ನಾವು ಸ್ವಲ್ಪ ಹಿಂದಕ್ಕೆ, ಮೀನು ಹಿಡಿಯುವ ಗಾಳದವರೆಗೆ, ಹೋಗಬೇಕಾಗುತ್ತದೆ.

ಗಾಳದ ಮೇಲಿನ ತೆರಿಗೆ

1937ರಲ್ಲಿ ಅಮೆರಿಕದ ಸಂಸತ್ತು ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯನ್ನು ಅಂಗೀಕರಿಸಿತು. ಬೇಟೆಯ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳ ಪುನರುಜ್ಜೀವನಕ್ಕೇ ಮೀಸಲಿಡುವುದು ಅದರ ತಿರುಳು. 1950ರಲ್ಲಿ ಬಂದ ಡಿಂಗೆಲ್–ಜಾನ್‌ಸನ್ ಕಾಯಿದೆ ಇದೇ ತತ್ತ್ವವನ್ನು ನೀರಿಗೆ ಅನ್ವಯಿಸಿತು. ಗಾಳದ ಕೋಲು, ರೀಲು, ಕೃತಕ ಎರೆ ಮುಂತಾದವುಗಳ ಮೇಲಿನ ಶೇಕಡ 10ರ ತೆರಿಗೆ ಮೀನುಸಂಪತ್ತಿನ ಅಭಿವೃದ್ಧಿಗೆ ರಾಜ್ಯಗಳಿಗೆ ಹೋಗತೊಡಗಿತು. ಜೊತೆಗೊಂದು ಕಟ್ಟುನಿಟ್ಟಿನ ಷರತ್ತಿತ್ತು: ಮೀನುಗಾರಿಕೆಯ ಪರವಾನಗಿ ಶುಲ್ಕವನ್ನು ಬೇರೆ ಕೆಲಸಕ್ಕೆ ತಿರುಗಿಸುವ ರಾಜ್ಯಕ್ಕೆ ಈ ಹಣ ಸಿಗದು.

1984ರ ವಾಲಪ್–ಬ್ರೋ ತಿದ್ದುಪಡಿ ಈ ನಿಧಿಯನ್ನು ಬಹಳವಾಗಿ ಹಿಗ್ಗಿಸಿತು. ತೆರಿಗೆಗೆ ಒಳಪಡುವ ಸಲಕರಣೆಗಳ ಪಟ್ಟಿ ಬೆಳೆಯಿತು. ವಿಹಾರ ದೋಣಿಗಳ ಆಮದು ಸುಂಕವೂ ಮೋಟಾರು ದೋಣಿಗಳು ಸುಡುವ ಪೆಟ್ರೋಲಿನ ತೆರಿಗೆಯ ಭಾಗವೂ ನಿಧಿಗೆ ಸೇರಿದವು. ಪೆಟ್ರೋಲ್ ಬಂಕಿನಲ್ಲಿ ಕಾರಿಗೂ ದೋಣಿಗೂ ಒಂದೇ ತೆರಿಗೆ. ಆದ್ದರಿಂದ ದೋಣಿಗಳ ಪಾಲು ಎಷ್ಟೆಂಬುದನ್ನು ಅಂದಾಜಿನಿಂದಲೇ ನಿರ್ಧರಿಸಬೇಕಾಗುತ್ತದೆ.

ಹಣ ಕೊಡುವವರಲ್ಲಿ ದೋಣಿಯವರೂ ಸೇರಿದ ಮೇಲೆ ಅವರಿಗೂ ಪಾಲು ಬೇಕಲ್ಲವೇ? ಪ್ರತಿ ರಾಜ್ಯವೂ ತನಗೆ ಬಂದ ಹಣದ ಕನಿಷ್ಠ ಶೇಕಡ 10 ಭಾಗವನ್ನು ಮೋಟಾರು ದೋಣಿಗಳು ನೀರಿಗಿಳಿಯುವ ಸೌಕರ್ಯಗಳಿಗೆ ಬಳಸಬೇಕೆಂದು 1984ರ ಕಾಯಿದೆ ವಿಧಿಸಿತು. ಈ ಪಾಲು 1992ರಲ್ಲಿ ಶೇಕಡ 12.5ಕ್ಕೂ 1998ರಲ್ಲಿ ಶೇಕಡ 15ಕ್ಕೂ ಏರಿತು.

ಟ್ರೇಲರ್ ಏರದ ದೋಣಿ

ಇಲ್ಲೊಂದು ಅಸಮತೋಲ ಉಳಿದಿತ್ತು. ಈ ಹಣದಿಂದ ಮುಖ್ಯವಾಗಿ ಇಳಿಜಾರು ಕಟ್ಟೆಗಳು ತಯಾರಾದವು. ಕಾರಿನ ಹಿಂದೆ ಟ್ರೇಲರ್ ಕಟ್ಟಿ ತಂದ ಸಣ್ಣ ದೋಣಿಯನ್ನು ನೀರಿಗೆ ಇಳಿಸಲು ಅವು ಬೇಕು. ಸದಾ ನೀರಿನಲ್ಲೇ ಇರುವ ದೊಡ್ಡ ದೋಣಿಗೆ ಅವುಗಳಿಂದ ಉಪಯೋಗವಿಲ್ಲ. ಪೆಟ್ರೋಲ್ ತೆರಿಗೆಯನ್ನು ಮಾತ್ರ ಅದೂ ಕೊಡುತ್ತಿತ್ತು.

ಸಣ್ಣದು ಯಾವುದು, ದೊಡ್ಡದು ಯಾವುದು? ಕಾಯಿದೆಗೆ ಒಂದು ಸಂಖ್ಯೆ ಬೇಕು. ಅದು 26 ಅಡಿ, ಅಂದರೆ ಸುಮಾರು 7.9 ಮೀಟರ್. ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಉದ್ದದ ವಿಹಾರ ದೋಣಿಯನ್ನು ಟ್ರೇಲರ್‌ನಲ್ಲಿ ಸಾಗಿಸಲಾಗದ ದೋಣಿ ಎಂದು ಕಾಯಿದೆ ವ್ಯಾಖ್ಯಾನಿಸಿತು.

ಇಂಥ ಗೆರೆಯೊಂದು ಏಕೆ ಬೇಕಾಯಿತೆಂಬುದನ್ನು ಗೆಲಿಲಿಯೊ ವಿವರಿಸಿದ ಪ್ರಮಾಣ ನಿಯಮದಿಂದ ಅರ್ಥಮಾಡಿಕೊಳ್ಳಬಹುದು. 13 ಅಡಿಯ ದೋಣಿಯೊಂದನ್ನು ಅದೇ ಆಕಾರದಲ್ಲಿ 26 ಅಡಿಗೆ ಹಿಗ್ಗಿಸಿ ಎಂದುಕೊಳ್ಳಿ. ಅಗಲ ಎರಡರಷ್ಟಾಗುತ್ತದೆ, ಅದು ಪಲ್ಲಟಗೊಳಿಸುವ ನೀರಿನ ಗಾತ್ರ, ಆದ್ದರಿಂದ ದೋಣಿಯ ತೂಕ, 2×2×2, ಅಂದರೆ ಎಂಟರಷ್ಟಾಗುತ್ತದೆ. ಅಮೆರಿಕದ ಹೆದ್ದಾರಿಯಲ್ಲಿ ವಾಹನದ ಅಗಲ ಸಾಮಾನ್ಯವಾಗಿ ಎಂಟೂವರೆ ಅಡಿ ಮೀರುವಂತಿಲ್ಲ. ಉದ್ದ ಹೆಚ್ಚಿದಂತೆ ಅಗಲ ರಸ್ತೆಯ ಮಿತಿಯನ್ನೂ ತೂಕ ಕಾರಿನ ಎಳೆಯುವ ಶಕ್ತಿಯನ್ನೂ ಸಮೀಪಿಸುತ್ತವೆ. ನಿಸರ್ಗದಲ್ಲಿ 26 ಅಡಿಗೆ ವಿಶೇಷ ಸ್ಥಾನವೇನಿಲ್ಲ. 25 ಅಡಿಯ ಭಾರದ ದೋಣಿಯೂ ಉಂಟು, 27 ಅಡಿಯ ಹಗುರ ದೋಣಿಯೂ ಉಂಟು. ಆದರೂ ಎಲ್ಲಾದರೊಂದು ಕಡೆ ಗೆರೆ ಎಳೆಯಲೇಬೇಕು.

1998ರ ಕಾಯಿದೆ

1998ರ ಜೂನ್ 9ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಾರಿಗೆಗೆ ಸಂಬಂಧಿಸಿದ ಬೃಹತ್ ಮಸೂದೆಯೊಂದಕ್ಕೆ ಸಹಿ ಹಾಕಿದರು. ವಿಹಾರ ಮೀನುಗಾರಿಕೆ ಮತ್ತು ದೋಣಿ ಸುರಕ್ಷತೆಯ ಕಾಯಿದೆ ಅದರ ಒಂದು ಭಾಗವಾಗಿತ್ತು. 2000ದಿಂದ 2003ರವರೆಗೆ ಪ್ರತಿ ಹಣಕಾಸು ವರ್ಷಕ್ಕೆ 80 ಲಕ್ಷ ಡಾಲರ್ ಒದಗಿಸಿ, ಜಾರಿಯ ಹೊಣೆಯನ್ನು ಮೀನು ಮತ್ತು ವನ್ಯಜೀವಿ ಸೇವೆ ಎಂಬ ಕೇಂದ್ರ ಸಂಸ್ಥೆಗೆ ವಹಿಸಲಾಯಿತು.

ನಿಯಮಗಳು 2001ರಲ್ಲಿ ಸಿದ್ಧವಾದವು. ವೆಚ್ಚದ ಮುಕ್ಕಾಲು ಭಾಗದವರೆಗೆ ಕೇಂದ್ರದ ಹಣ. ಉಳಿದದ್ದನ್ನು ರಾಜ್ಯ, ಸ್ಥಳೀಯ ಸಂಸ್ಥೆ ಅಥವಾ ಖಾಸಗಿ ಪಾಲುದಾರರು ಹೊಂದಿಸಬೇಕು. ಅನುದಾನದಲ್ಲಿ ಎರಡು ಶ್ರೇಣಿಗಳು. ಮೊದಲನೆಯದರಲ್ಲಿ ಅರ್ಹ ರಾಜ್ಯಗಳಿಗೆಲ್ಲ ಸಣ್ಣ ಮೊತ್ತ. ಆರಂಭದಲ್ಲಿ ಇದರ ಮಿತಿ ಒಂದು ಲಕ್ಷ ಡಾಲರ್, ನಂತರದ ವರ್ಷಗಳಲ್ಲಿ ಅದು ಏರಿತು. ಎರಡನೆಯದರಲ್ಲಿ ದೊಡ್ಡ ಯೋಜನೆಗಳು ರಾಷ್ಟ್ರಮಟ್ಟದಲ್ಲಿ ಸ್ಪರ್ಧಿಸಬೇಕು.

"ಅತಿಥಿ" ಯಾರೆಂಬುದಕ್ಕೂ ವ್ಯಾಖ್ಯೆ ಬೇಕಾಯಿತು: ಒಂದು ಕಡೆ ಹತ್ತು ದಿನಗಳಿಗಿಂತ ಹೆಚ್ಚು ನಿಲ್ಲದ ದೋಣಿ. 2015ರಲ್ಲಿ ನಿಯಮಗಳನ್ನು ಪರಿಷ್ಕರಿಸಿದಾಗ ಇದು ಹದಿನೈದು ದಿನವಾಯಿತು. ನೀರು ಅತಿ ಕೆಳಮಟ್ಟದಲ್ಲಿದ್ದಾಗಲೂ ಕನಿಷ್ಠ 6 ಅಡಿ, ಅಂದರೆ ಸುಮಾರು 1.8 ಮೀಟರ್ ಆಳವಿರಬೇಕು. ಸೌಕರ್ಯ ಸಾರ್ವಜನಿಕರಿಗೆ ತೆರೆದಿರಬೇಕು, ಶುಲ್ಕ ನ್ಯಾಯಸಮ್ಮತವಾಗಿರಬೇಕು, ಅದರ ಉಪಯುಕ್ತ ಆಯುಷ್ಯದುದ್ದಕ್ಕೂ ನಿರ್ವಹಣೆ ನಡೆಯಬೇಕು.

ತೇಲುವ ಜೆಟ್ಟಿಯ ಭೌತವಿಜ್ಞಾನ

ಈ ಹಣದಿಂದ ಏನೇನು ಕಟ್ಟಬಹುದು? ದೋಣಿ ಕಟ್ಟುವ ಬೋಯೆಗಳು, ಜೆಟ್ಟಿಗಳು, ಅಲೆ ತಡೆಗಳು, ಶೌಚಾಲಯ, ನೀರು ಮತ್ತು ವಿದ್ಯುತ್ ಸಂಪರ್ಕ ಮುಂತಾದವು. ಇವುಗಳಲ್ಲಿ ತೇಲುವ ಜೆಟ್ಟಿ ಮತ್ತು ತೇಲುವ ಅಲೆ ತಡೆ ತರಗತಿಯ ಚರ್ಚೆಗೆ ಒಳ್ಳೆಯ ವಸ್ತುಗಳು.

ತೇಲುವ ಜೆಟ್ಟಿಯೆಂದರೆ ಲಂಬವಾದ ಕಂಬಗಳ ನಡುವೆ ಏರಿಳಿಯುವ ಟೊಳ್ಳು ಪೆಟ್ಟಿಗೆಗಳ ಸಾಲು. ನೀರಿನೊಡನೆ ದೋಣಿಯೂ ಜೆಟ್ಟಿಯೂ ಒಟ್ಟಿಗೇ ಏರಿಳಿಯುವುದರಿಂದ ಹಗ್ಗದ ಉದ್ದ ಬದಲಿಸಬೇಕಿಲ್ಲ. 6 ಮೀಟರ್ ಉದ್ದ, 2.5 ಮೀಟರ್ ಅಗಲದ ಪೆಟ್ಟಿಗೆಯನ್ನು ಪರಿಗಣಿಸಿ. ಅದರ ವಿಸ್ತೀರ್ಣ 15 ಚದರ ಮೀಟರ್. ಸಮುದ್ರದ ನೀರಿನ ಸಾಂದ್ರತೆ ಘನ ಮೀಟರಿಗೆ 1025 ಕಿಲೋಗ್ರಾಂ. ಆರ್ಕಿಮಿಡೀಸನ ತತ್ತ್ವದಂತೆ, 75 ಕಿಲೋಗ್ರಾಂ ತೂಕದ ಒಬ್ಬ ವ್ಯಕ್ತಿ ನಡುವೆ ನಿಂತರೆ ಅದು ಮುಳುಗುವುದು ಸುಮಾರು 5 ಮಿಲಿಮೀಟರ್ ಮಾತ್ರ. ಇಪ್ಪತ್ತು ಜನ ಸಮವಾಗಿ ಹರಡಿ ನಿಂತರೆ ಸುಮಾರು 10 ಸೆಂಟಿಮೀಟರ್. ಎಲ್ಲರೂ ಒಂದೇ ಅಂಚಿಗೆ ಬಂದರೆ ಏನಾಗುತ್ತದೆ? ವಿದ್ಯಾರ್ಥಿಗಳು ಯೋಚಿಸಲಿ.

ತೇಲುವ ಅಲೆ ತಡೆಗೆ ಮಾತ್ರ ಮಿತಿಯಿದೆ. ಆಳ ನೀರಿನಲ್ಲಿ ಅಲೆಯ ಉದ್ದ ಮೀಟರುಗಳಲ್ಲಿ ಸುಮಾರು 1.56×ಆವರ್ತಕಾಲದ ವರ್ಗ. ಸರೋವರದ 3 ಸೆಕೆಂಡಿನ ಅಲೆಗೆ ಇದು 14 ಮೀಟರ್, ಸಾಗರದ 10 ಸೆಕೆಂಡಿನ ಅಲೆಗೆ 156 ಮೀಟರ್. ಆಳಕ್ಕೆ ಹೋದಂತೆ ಅಲೆಯ ಚಲನೆ ಘಾತೀಯವಾಗಿ ಕುಗ್ಗುತ್ತದೆ. ಮೇಲಿನ 1.4 ಮೀಟರ್ ನೀರಿನಲ್ಲಿ ಮೊದಲ ಅಲೆಯ ಚಲನಶಕ್ತಿಯ ಸುಮಾರು ಶೇಕಡ 70 ಭಾಗ ಅಡಗಿದ್ದರೆ, ಎರಡನೆಯದರದು ಕೇವಲ ಶೇಕಡ 11. ಅಷ್ಟೇ ಆಳಕ್ಕೆ ಮುಳುಗಿದ ತಡೆ ಸರೋವರದಲ್ಲಿ ಕೆಲಸ ಮಾಡುತ್ತದೆ; ತೆರೆದ ಸಮುದ್ರದ ಅಲೆ ಅದರಡಿಯಲ್ಲಿ ನುಸುಳಿ ಹೋಗುತ್ತದೆ. ಅಲ್ಲಿ ತಳದವರೆಗೆ ಕಲ್ಲು ಸುರಿಯಲೇಬೇಕು.

ಯಾರ ಹಣ, ಯಾರಿಗೆ?

ಮೊದಲಿನ ಪ್ರಶ್ನೆಗೆ ಮರಳೋಣ. ಈ ಹಣ ಎಲ್ಲ ನಾಗರಿಕರ ಸಾಮಾನ್ಯ ತೆರಿಗೆಯಿಂದ ಬಂದದ್ದಲ್ಲ. ಗಾಳ ಕೊಂಡವರು, ದೋಣಿಗೆ ಇಂಧನ ತುಂಬಿಸಿದವರು ಕೊಟ್ಟದ್ದು. ಹಾಗೆಂದು ವಾದ ಮುಗಿಯುವುದಿಲ್ಲ. ಅಮೆರಿಕದ ವಿಹಾರ ದೋಣಿಗಳಲ್ಲಿ ಬಹುಪಾಲು 26 ಅಡಿಗಿಂತ ಚಿಕ್ಕವು. ದಡದಲ್ಲಿ ಕುಳಿತು ಗಾಳ ಹಾಕುವ ಬಡವನ ತೆರಿಗೆಯೂ ಇದೇ ನಿಧಿಯಲ್ಲಿದೆ. ಅವನ ಕಾಸು ದೊಡ್ಡ ದೋಣಿಯ ಜೆಟ್ಟಿಗೆ ಹೋಗಬೇಕೆ? ಹೋಗಬಾರದೆಂದೇ ನನ್ನ ಅನಿಸಿಕೆ. ಆದರೆ ದೊಡ್ಡ ದೋಣಿಯ ಇಂಧನ ತೆರಿಗೆಯೆಲ್ಲ ಇಳಿಜಾರು ಕಟ್ಟೆಗೆ ಹೋಗುವುದೂ ಸರಿಯಲ್ಲ. 2005ರ ಕಾಯಿದೆ ಅತಿಥಿ ದೋಣಿಗಳ ಯೋಜನೆಗೆ ನಿಧಿಯ ಶೇಕಡ 2 ಭಾಗವನ್ನು ನಿಗದಿಪಡಿಸಿತು. ಅರ್ಧಕ್ಕಿಂತ ಹೆಚ್ಚು ಭಾಗ ಮೀನು ಅಭಿವೃದ್ಧಿ ಮತ್ತು ದೋಣಿ ಪ್ರವೇಶಕ್ಕಾಗಿ ರಾಜ್ಯಗಳಿಗೆ ಹೋಯಿತು. ಈ ಹಂಚಿಕೆ ಒಪ್ಪುವಂಥದ್ದು ಎನಿಸುತ್ತದೆ.

ಇಂಥ ಮೀಸಲು ತೆರಿಗೆ ನಮಗೆ ಅಪರಿಚಿತವೇನಲ್ಲ. ಪೆಟ್ರೋಲ್, ಡೀಸೆಲ್ ಮೇಲಿನ ಉಪಕರವನ್ನು ರಸ್ತೆಗಳಿಗೆಂದು ತೆಗೆದಿಡುವ ಕೇಂದ್ರ ರಸ್ತೆ ನಿಧಿ ಕಾಯಿದೆ ನಮ್ಮಲ್ಲಿ 2000ದಲ್ಲಿ ಬಂತು. ಯಾವ ನಿಧಿಯೇ ಆಗಲಿ, ಮೂರು ಪ್ರಶ್ನೆ ಕೇಳುವುದನ್ನು ರೂಢಿಸಿಕೊಳ್ಳಿ: ಹಣ ಕೊಟ್ಟವರು ಯಾರು? ಪಡೆದವರು ಯಾರು? ನಡುವೆ ಗೆರೆ ಎಳೆದ ಸಂಖ್ಯೆ ಎಲ್ಲಿಂದ ಬಂತು? ಮೂರನೆಯದನ್ನು ಕೇಳುವ ಹೊಣೆ ವಿಜ್ಞಾನ ಓದಿದ ನಮ್ಮ ಮೇಲೆ ಹೆಚ್ಚಾಗಿದೆ.