ಬುಕ್‌ಟಾಕ್

ಟಿಕ್‌ಟಾಕ್‌ನಲ್ಲಿ ಪುಸ್ತಕಗಳ ಬಗ್ಗೆ ಕಿರು ವಿಡಿಯೊ ಹಂಚಿಕೊಳ್ಳುವ ಓದುಗರ ಬಳಗ. ಅವರು ಬಳಸುವ ಹ್ಯಾಶ್‌ಟ್ಯಾಗ್‌ನ ಹೆಸರೂ ಇದೇ. 2020ರ ಕೊರೊನಾ ಲಾಕ್‌ಡೌನ್ ಕಾಲದಲ್ಲಿ ಬೆಳೆದು ಇಂಗ್ಲಿಷ್ ಪುಸ್ತಕ ಮಾರಾಟದ ರೀತಿಯನ್ನು ಬದಲಿಸಿತು.

ಹಿಂದೆ ಪುಸ್ತಕದ ಪ್ರಚಾರವೆಲ್ಲ ಬಿಡುಗಡೆಯ ಆಸುಪಾಸಿನ ಕೆಲವು ವಾರಗಳಲ್ಲೇ ಮುಗಿಯುತ್ತಿತ್ತು. ಬುಕ್‌ಟಾಕ್ ಹಳೆಯ ಪುಸ್ತಕಗಳಿಗೆ ಮರುಜೀವ ಕೊಟ್ಟಿತು. ಮ್ಯಾಡಲಿನ್ ಮಿಲ್ಲರ್ ಅವರ 2011ರ ಕಾದಂಬರಿ ‘ದಿ ಸಾಂಗ್ ಆಫ್ ಅಕಿಲೀಸ್’ ಹತ್ತು ವರ್ಷಗಳ ನಂತರ ಮತ್ತೆ ಭರದಿಂದ ಮಾರಾಟವಾಯಿತು. 2012ರಲ್ಲಿ ತಮ್ಮ ಮೊದಲ ಕಾದಂಬರಿಯನ್ನು ತಾವೇ ಪ್ರಕಟಿಸಿಕೊಂಡಿದ್ದ ಕಾಲೀನ್ ಹೂವರ್ ಅವರ ‘ಇಟ್ ಎಂಡ್ಸ್ ವಿತ್ ಅಸ್’ (2016) ಅಮೆರಿಕದ ಮಾರಾಟಪಟ್ಟಿಗಳ ತುದಿಗೇರಿದ್ದೂ ಹೀಗೆಯೇ. ಅಲ್ಲಿನ ಬಾರ್ನ್ಸ್ ಅಂಡ್ ನೋಬಲ್ ಪುಸ್ತಕ ಮಳಿಗೆಗಳು ಇಂಥ ಪುಸ್ತಕಗಳಿಗೆಂದೇ ಮೇಜುಗಳನ್ನು ಮೀಸಲಿಟ್ಟವು. ವಿಮರ್ಶಕರ ತೂಗಿದ ಮಾತಿಗಿಂತ ಓದಿ ಅತ್ತವರ ಮುಖವೇ ಇಲ್ಲಿ ಹೆಚ್ಚು ಪುಸ್ತಕ ಮಾರುತ್ತದೆ. ಇದರ ಲಾಭ ಬಹುಪಾಲು ಪ್ರಣಯ ಮತ್ತು ಫ್ಯಾಂಟಸಿ ಕಾದಂಬರಿಗಳಿಗೆ ಸಿಕ್ಕಿದೆ. ಕಾವ್ಯ, ಸಂಶೋಧನೆ, ವಿಚಾರ ಸಾಹಿತ್ಯಕ್ಕೆ ದಕ್ಕಿದ್ದು ಕಡಿಮೆ ಎಂಬುದು ಚಿಂತಿಸಬೇಕಾದ ಸಂಗತಿ.

ಭಾರತ ಸರ್ಕಾರ 2020ರ ಜೂನ್ 29ರಂದು 59 ಆ್ಯಪ್‌ಗಳನ್ನು ನಿಷೇಧಿಸಿತು, ಟಿಕ್‌ಟಾಕ್ ಅದರಲ್ಲೊಂದು. ಹಾಗಾಗಿ ಭಾರತದಲ್ಲಿ ಬುಕ್‌ಟಾಕ್‌ನ ಪಾತ್ರವನ್ನು ಇನ್‌ಸ್ಟಾಗ್ರಾಮ್ ರೀಲ್ಸ್ ವಹಿಸಿಕೊಂಡಿದೆ. ಕನ್ನಡದ ಪ್ರಕಾಶಕರು ಫೇಸ್‌ಬುಕ್, ವಾಟ್ಸಾಪ್‌ಗಳಲ್ಲಿ ಮುಖಪುಟ ತೋರಿಸಿ, ಮುಂಗಡ ಬೇಡಿಕೆ ಪಡೆದು, ಪ್ರತಿಗಳನ್ನು ನೇರವಾಗಿ ಓದುಗರ ಮನೆಗೆ ಕಳಿಸುತ್ತಾರೆ. ಊರೂರಲ್ಲಿ ಪುಸ್ತಕದಂಗಡಿ ಇಲ್ಲದ ಕನ್ನಡಕ್ಕೆ ಇದು ನಿಜವಾದ ಅನುಕೂಲ.